ಲಾಟೀನು ಎಲ್ಲಿತ್ತೋ?

ಪ್ರೀತಿಯ ಹುಡುಗ,

ನಿನ್ನ ಏಳೂ ಕತೆ ಓದಿದೆ. ಕಾಗುಣಿತ, ಪ್ರಕಾಶಕರು, ಮುಖಪುಟ ಇವೆಲ್ಲ ಬಿಡು, ಹೇಳಿಕೊಡುವುದಕ್ಕೆ ಬೇರೆಯವರಿದ್ದಾರೆ. ನನ್ನ ತಲೆಯಲ್ಲಿ ಕೂತದ್ದು ಜೊತೆಗಿಟ್ಟ ಚೀಟಿ. 'ಲೇಖಕರ ಪರಿಚಯದಲ್ಲಿ ನಾಸ್ತಿಕ ಅಂತ ಹಾಕಲಾ ಮೇಷ್ಟ್ರೇ? ದೇವರನ್ನು ನಂಬುವುದಿಲ್ಲ ನಿಜ. ಆದರೆ ಆ ಪದ ನನ್ನದು ಅನ್ನಿಸುವುದಿಲ್ಲ' ಅಂತ ಬರೆದಿದ್ದೀಯ.

ಹೇಗೆ ಅನ್ನಿಸುತ್ತದೆ ಹೇಳು? ನಮ್ಮ ಕಡೆ ನಾಸ್ತಿಕ ಅಂದರೆ ದೇವರು ದಿಂಡರು ಇಲ್ಲದವನು, ಹಿರಿಯರಿಗೆ ಎದುರಾಡುವವನು. ಹಳೆಯ ದರ್ಶನಗಳ ಲೆಕ್ಕವೇ ಬೇರೆ. ವೇದವನ್ನು ಪ್ರಮಾಣ ಅಂತ ಒಪ್ಪದವನು ಅಲ್ಲಿ ನಾಸ್ತಿಕ. ಸೃಷ್ಟಿ ಮಾಡಿದ ದೇವರೊಬ್ಬ ಬೇಕಿಲ್ಲ ಅಂದರೂ ವೇದವನ್ನು ಒಪ್ಪಿದ ಮೀಮಾಂಸಕರು ಆಸ್ತಿಕರ ಪಂಕ್ತಿಯಲ್ಲಿ ಕೂತರು. ಬಸದಿಯಲ್ಲಿ ದಿನಾ ಪೂಜೆ ಮಾಡುವ ಜೈನರು ಹೊರಗುಳಿದರು. ಹಾಗಾದರೆ ಜೈನನಾದ ನಮ್ಮ ಆದಿಕವಿ ಪಂಪನೂ ನಾಸ್ತಿಕನೇ, ಅಲ್ವಾ?

ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅದೇ ಮನುಷ್ಯ ಖಾದಿ ಬಿಡದ ಗಾಂಧಿವಾದಿ. ಗಾಂಧಿಯೋ, ರಾಮನಾಮ ಬಿಡದವರು. ಇವರ ಹಣೆಗೆ ಯಾವ ಪಟ್ಟಿ ಕಟ್ಟುತ್ತೀಯ? 'ಬುದ್ಧಿಜೀವಿ' ಅಂತೀಯಾ? ಅದೀಗ ಬೈಗುಳ ಮಾರಾಯ.

ನನ್ನ ಕತೆ ಕೇಳು. ಎಂಬತ್ತರ ದಶಕದಲ್ಲಿ ಒಬ್ಬ ಸಂಪಾದಕರು ನನ್ನನ್ನು 'ವಿಚಾರವಾದಿ ಕತೆಗಾರ' ಅಂದರು. ಉಬ್ಬಿಹೋದೆ. ಆಗ ಬರೆಯುತ್ತಿದ್ದದ್ದು ನನ್ನ ಸೋದರತ್ತೆಯ ಕತೆ. ಕರೆಂಟು ಹೋದ ಒಂದು ರಾತ್ರಿ ಅವಳು ದೇವರ ಗೂಡಿನ ದೀಪ ಎತ್ತಿಕೊಂಡು ಹೋಗಿ, ಆ ಬೆಳಕಲ್ಲೇ ಪಕ್ಕದ ಮನೆಯವಳ ಹೆರಿಗೆ ಮಾಡಿಸಿದ್ದಳು. ವಿಚಾರವಾದಿಯ ಕತೆಯಲ್ಲಿ ದೇವರ ದೀಪ ಯಾಕೆ ಅಂತ ಅದನ್ನು ತೆಗೆದು ಲಾಟೀನು ಇಟ್ಟೆ. ಕತೆ ಅಚ್ಚಾಯಿತು, ಬಹುಮಾನವೂ ಬಂತು. ಅತ್ತೆ ಯಾರ ಹತ್ತಿರವೋ ಓದಿಸಿಕೊಂಡು ಕೇಳಿದಳು, 'ನಮ್ಮ ಮನೇಲಿ ಲಾಟೀನು ಎಲ್ಲಿತ್ತೋ?'

ಅವಳಿಗೆ ಉತ್ತರ ಕೊಡಲಿಲ್ಲ. ಆಮೇಲೆ ಕೊಡೋಣ ಅಂದರೆ ಅವಳೇ ಇರಲಿಲ್ಲ. ಆ ಸಂಪಾದಕರು ನಾಲ್ಕು ವರ್ಷದಲ್ಲಿ ಬೇರೆ ಪದ ಹಿಡಿದು ಬೇರೆಯವರನ್ನು ಮೆರೆಸಿದರು. ಆ ಸಿಟ್ಟು ಇನ್ನೂ ಇದೆ. ಇರಲಿ, ಅದು ನನ್ನ ಪಾಡು.

ನಿನ್ನ ಮೇಲೂ ಸಿಟ್ಟಿದೆ. ಐದನೇ ಕತೆಯಲ್ಲಿ ಅಜ್ಜಿ ಹರಕೆಯ ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟುತ್ತಾಳೆ. ಮೊಮ್ಮಗ ನೋಡಿ ನಗುತ್ತಾನೆ. ಮೂರೇ ಸಾಲು, ಮುಗಿಯಿತು. ನಿಜಕ್ಕೂ ನಕ್ಕನಾ ಅವನು? ಅಪ್ಪನ ಆಪರೇಷನ್ ದಿನ ಆ ಗಂಟು ನಿನ್ನ ಜೇಬಿನಲ್ಲೇ ಇತ್ತು ಅಂತ ಹೋದ ವರ್ಷ ನೀನೇ ಬರೆದಿದ್ದೆ. ಕಾಗದ ನನ್ನ ಹತ್ತಿರ ಇದೆ, ಸುಮ್ನೆ ಇಲ್ಲ ಅನ್ನಬೇಡ.

ಆ ಪುಟ ಮತ್ತೆ ಬರೆದು ಕಳಿಸು. ಪರಿಚಯಕ್ಕೆ ಊರು, ಹುಟ್ಟಿದ ವರ್ಷ ಸಾಕು.

ನಿನ್ನ
ಮೇಷ್ಟ್ರು