ಮಗಳಿಗೊಂದು ಪತ್ರ: ಓಲೆಗಿಂತ ಮೊದಲು ಕಾಗದ ನೋಡು

ಹುಬ್ಬಳ್ಳಿ
ಭಾನುವಾರ ಸಂಜೆ

ಮುದ್ದಿನ ಮಗಳಿಗೆ,

ಮೊನ್ನೆ ಫೋನಿನಲ್ಲಿ ವಜ್ರದ ಓಲೆ ತಗೊಳ್ತೀನಿ ಅಂದೆಯಲ್ಲ, ನನಗೆ ತುಂಬಾ ಖುಷಿಯಾಯಿತು. ನಿನ್ನ ದುಡಿಮೆಯ ದುಡ್ಡು, ನಿನ್ನ ಆಸೆ. ಆದರೆ ಕೊನೆಗೆ "ಅವ್ವಾ, ಹಾಲ್‌ಮಾರ್ಕ್ ಇದೆ, ಚಿಂತೆ ಮಾಡಬೇಡ" ಅಂದೆ ನೋಡು, ಆ ಮಾತು ರಾತ್ರಿಯೆಲ್ಲ ನನ್ನ ತಲೆ ಕೊರೆಯಿತು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಮೀಟಿಂಗ್ ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹಾಲ್‌ಮಾರ್ಕ್ ಬಂಗಾರದ್ದು ಮಗಳೇ, ಹರಳಿನದ್ದಲ್ಲ. ಸರ್ಕಾರದ ಬಿಐಎಸ್ ಮುದ್ರೆ, 750 ಅನ್ನುವ ಅಂಕಿ, ಅಕ್ಷರ-ಅಂಕಿ ಸೇರಿ ಆರು ಗುರುತುಗಳ ಎಚ್‌ಯುಐಡಿ ನಂಬರು ಇವೆಲ್ಲ ಹೇಳುವುದು ಬಂಗಾರ 18 ಕ್ಯಾರೆಟ್ ಅಂತ. ಅದರ ಮೇಲೆ ಕೂತಿರುವ ಹರಳು ಎಂಥದ್ದು ಅಂತ ಆ ಮುದ್ರೆ ಏನೂ ಹೇಳುವುದಿಲ್ಲ. ಕ್ಯಾರೆಟ್ ಅನ್ನೋ ಶಬ್ದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಂಗಾರಕ್ಕೆ ಕ್ಯಾರೆಟ್ ಅಂದರೆ ಶುದ್ಧತೆ, ವಜ್ರಕ್ಕೆ ಅದೇ ಕ್ಯಾರೆಟ್ ಅಂದರೆ ತೂಕ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅಂಗಡಿಯಲ್ಲಿ 30 ಸೆಂಟ್ ಅಂದರೆ 0.30 ಕ್ಯಾರೆಟ್ ಅಂತ ತಿಳಿ.

ನಿನಗೆ ನೆನಪಿದೆಯೋ ಇಲ್ಲವೋ. ನೀನು ಐದನೇ ಇಯತ್ತೆಯಲ್ಲಿದ್ದಾಗ ಅಪ್ಪನ ಆಪರೇಷನ್ ಆಯಿತು. ದುಡ್ಡು ಸಾಲಲಿಲ್ಲ. ನನ್ನ ಮದುವೆಯ ವಜ್ರದ ಬೆಂಡೋಲೆ ಬಿಚ್ಚಿಕೊಂಡು, ಅದನ್ನು ಕೊಂಡಿದ್ದ ಅಂಗಡಿಗೇ ಹೋದೆ. ಬಿಲ್ಲು ಜೋಪಾನವಾಗಿ ಇಟ್ಟಿದ್ದೆ, ಅದನ್ನೂ ಒಯ್ದೆ. ಅದರಲ್ಲಿ "ಡೈಮಂಡ್ ಬೆಂಡೋಲೆ, 1 ಜೋಡಿ" ಅಂತ ಒಂದೇ ಸಾಲು, ಕೆಳಗೆ ಒಟ್ಟು ಮೊತ್ತ. ಹರಳಿನ ತೂಕವಿಲ್ಲ, ದರ್ಜೆಯಿಲ್ಲ. ಗಲ್ಲಾದ ಮೇಲೆ ಕೂತವರು ನೋಡಿ, "ಅಕ್ಕೋರ, ಬಂಗಾರದ್ದು ಕೊಡ್ತೀವ್ರಿ, ಹರಳಿಂದು ಏನೂ ಬರೂದಿಲ್ರಿ" ಅಂದುಬಿಟ್ಟರು. ನನ್ನ ಅಪ್ಪ ಜಾಸ್ತಿ ದುಡ್ಡು ಕೊಟ್ಟಿದ್ದೇ ಹರಳಿಗೆ! ಬಂಗಾರ ಅಲ್ಲೇ ಕೊಟ್ಟು, 14 ಹರಳು ಬಿಡಿಸಿಕೊಂಡು, ಪುಡಿಕೆ ಕಟ್ಟಿಸಿಕೊಂಡು ಬಂದೆ. ದುರ್ಗದಬೈಲಿನ ತನಕ ಹೇಗೆ ನಡೆದೆನೋ ಗೊತ್ತಿಲ್ಲ.

ನಿನ್ನೆ ಆ ಪುಡಿಕೆ ತಗೊಂಡು ಸರಾಫಗಟ್ಟಿಯ ನಮ್ಮ ಪತ್ತಾರರ ಹತ್ತಿರ ಹೋಗಿದ್ದೆ. ಅವರು ಒಂದು ಬಿಳಿ ಕಾಗದ ಮಡಚಿ, ಆ ಮಡಿಕೆಯಲ್ಲಿ ಹರಳನ್ನು ಬೋರಲು ಇಟ್ಟರು. ನೆಟ್ಟಗೆ ಇಟ್ಟರೆ ಹೊಳಪಿನಲ್ಲಿ ಬಣ್ಣ ಮುಚ್ಚಿಹೋಗುತ್ತದಂತೆ. ಬೋರಲು ಇಟ್ಟಾಗ ಕಂಡಿತು, ಹಾಲಿಗೆ ಒಂದೆಳೆ ಕೇಸರಿ ಬಿದ್ದಂಥ ಹಳದಿ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ನನ್ನ ಕಣ್ಣಿಗೆ ಹಿಡಿದರು. ಹರಳಿನೊಳಗೆ ಪುಕ್ಕದಂಥ ಬಿಳಿ ಗೆರೆ, ಅಂಚಿನಲ್ಲಿ ಎರಡು ಕರಿ ಚುಕ್ಕೆ. ಅಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದರೂ ನಾನು ಅದನ್ನು ನೋಡಿಯೇ ಇರಲಿಲ್ಲ. "ವಜ್ರ ಖರೇನ ಐತ್ರಿ ಅಕ್ಕೋರ. ಆದ್ರ ಎಂಥಾದ್ದು ಅಂತ ಆವಾಗ ಬರೆದುಕೊಟ್ಟವ್ರು ಯಾರೂ ಇಲ್ಲಲ್ರಿ" ಅಂದರು.

ಹಾಗೆ ಬರೆದುಕೊಡುವುದೇ ಸರ್ಟಿಫಿಕೇಟ್, ನಾನು ಹೇಳುವ ಕಾಗದ. ಬಣ್ಣಕ್ಕೆ ಡಿಯಿಂದ ಝಡ್‌ವರೆಗೆ ಅಕ್ಷರ. ಡಿ ಅಂದರೆ ಬಣ್ಣವೇ ಇಲ್ಲ, ಕೆಳಗಿಳಿದಂತೆ ಹಳದಿ ಏರುತ್ತದೆ. ಹಿಂದೆ ವ್ಯಾಪಾರಿಗಳು ಎ, ಬಿ, ಸಿ ಅಂತ ತಮಗೆ ತೋಚಿದಂತೆ ಬಳಸುತ್ತಿದ್ದರು. ಅದಕ್ಕೇ ಅಮೆರಿಕದ ಜಿಐಎ ಸಂಸ್ಥೆ ಹೊಸ ಲೆಕ್ಕವನ್ನು ಡಿಯಿಂದ ಶುರುಮಾಡಿತು. ಸ್ವಚ್ಛತೆಗೆ, ಅಂದರೆ ಒಳಗಿನ ಗೆರೆ, ಚುಕ್ಕೆಗಳ ಲೆಕ್ಕಕ್ಕೆ, ದೋಷವೇ ಇಲ್ಲದ ಎಫ್‌ಎಲ್‌ನಿಂದ ಕೊನೆಯ ಐ3 ತನಕ 11 ಮೆಟ್ಟಿಲು. ಅಂಗಡಿಯವರು ಮೇಲಿನ ದರ್ಜೆಯ ವಿವಿಎಸ್, ವಿವಿಎಸ್ ಅಂತ ಹತ್ತು ಸಲ ಹೇಳುತ್ತಾರೆ. ಕಿವಿಯ ಓಲೆಗೆ ಅಷ್ಟು ಬೇಕಿಲ್ಲ. ಅದರ ಕೆಳಗಿನ ವಿಎಸ್ ದರ್ಜೆಯ ದೋಷವೂ ಬರಿಗಣ್ಣಿಗೆ ಕಾಣುವುದಿಲ್ಲ. ಬಣ್ಣ ಜಿ ಅಥವಾ ಎಚ್ ಇರಲಿ, ಸಾಕು.

ದುಡ್ಡು ಉಳಿದರೆ ಕಟ್‌ಗೆ, ಅಂದರೆ ಹರಳನ್ನು ಕೊಯ್ದ ರೀತಿಗೆ, ಹಾಕು. ಇದು ನನ್ನ ಗಟ್ಟಿ ಅಭಿಪ್ರಾಯ. ಬಣ್ಣ, ಸ್ವಚ್ಛತೆ ನೆಲದಿಂದ ಬರುತ್ತವೆ, ಕಟ್ ಮಾತ್ರ ಮನುಷ್ಯನ ಕೈಕೆಲಸ. ಸರಿಯಾಗಿ ಕೊಯ್ದ ಹರಳಿನಲ್ಲಿ ಮೇಲಿನಿಂದ ಹೋದ ಬೆಳಕು ತಿರುಗಿ ನಿನ್ನ ಕಣ್ಣಿಗೇ ಬರುತ್ತದೆ. ತೂಕ ಉಳಿಸೋಣ ಅಂತ ತಳ ಆಳ ಬಿಟ್ಟರೆ ಬೆಳಕು ಬದಿಯಿಂದ ಸೋರಿಹೋಗುತ್ತದೆ. ಹರಳು ನಡುವೆ ಮಂಕಾಗಿ, ಚಿಕ್ಕದಾಗಿ ಕಾಣುತ್ತದೆ, ತೂಕದ ದುಡ್ಡು ಮಾತ್ರ ಪೂರ್ತಿ ಹೋಗುತ್ತದೆ. ದುಂಡು ಹರಳಾದರೆ ಜಿಐಎ ಕಾಗದದಲ್ಲಿ ಕಟ್ ಎದುರು "ಎಕ್ಸಲೆಂಟ್" ಅಂತ ಇದೆಯಾ ನೋಡು. ಅಂಗಡಿಯ ದೀಪದ ಕೆಳಗೆ ಎಲ್ಲವೂ ಹೊಳೆಯುತ್ತದೆ. ಬಾಗಿಲ ಹತ್ತಿರ ಹಗಲ ಬೆಳಕಿಗೆ ಒಯ್ದು ನೋಡು. ಇನ್ನೊಂದು, ತೂಕ 0.50 ಕ್ಯಾರೆಟ್ ಮುಟ್ಟಿದ ಕೂಡಲೇ ರೇಟು ಜಿಗಿಯುತ್ತದೆ. 0.47 ಸಿಕ್ಕರೆ ತಗೋ, ಕಿವಿಯಲ್ಲಿ ವ್ಯತ್ಯಾಸ ಕಾಣಲ್ಲ.

ಲ್ಯಾಬ್ ಡೈಮಂಡ್ ಬಗ್ಗೆ ನೀನು ಕೇಳಿದ್ದೆ. ಅದೂ ವಜ್ರವೇ, ಅದೇ ಇಂಗಾಲ. ನೆಲದೊಳಗೆ ಆಗುವುದನ್ನು ಯಂತ್ರದಲ್ಲಿ ಬೆಳೆಸುತ್ತಾರೆ. ಬೆಲೆ ಬಹಳ ಕಡಿಮೆ. ಹಾಕಿಕೊಳ್ಳಬೇಕು ಅಂದರೆ ಧಾರಾಳವಾಗಿ ತಗೋ, ಆದರೆ ಲ್ಯಾಬ್‌ದು ಲ್ಯಾಬ್‌ನ ಬೆಲೆಗೇ ಸಿಗಬೇಕು. ಬರಿಗಣ್ಣಿಗೆ ಎರಡೂ ಒಂದೇ. ಅಂಗಡಿಯಲ್ಲಿ ಪೆನ್ನಿನಂಥದ್ದು ಮುಟ್ಟಿಸಿ ಬೀಪ್ ಅನ್ನಿಸುತ್ತಾರಲ್ಲ, ಶಾಖ ಅಳೆಯುವ ಆ ಪೆನ್ನು ಲ್ಯಾಬ್‌ದಕ್ಕೂ ಬೀಪ್ ಅನ್ನುತ್ತದೆ, ವಜ್ರವಲ್ಲದಿದ್ದರೂ ವಜ್ರದಂತೆ ಕಾಣುವ ಮೊಯ್ಸನೈಟ್ ಹರಳಿಗೂ ಅನ್ನುತ್ತದೆ. ಅದನ್ನು ನಂಬಬೇಡ.

ಆ ಕಾಗದ ಓಲೆ ಮಾರುವವರದ್ದೇ ಆಗಿರಬಾರದು. ಅಂಗಡಿಯ ಹೆಸರಿನ ಚಂದದ ಕಾರ್ಡು ಲೆಕ್ಕಕ್ಕಿಲ್ಲ. ಜಿಐಎ ಅಥವಾ ಐಜಿಐಯಂಥ, ಹರಳು ಪರೀಕ್ಷಿಸುವ ಹೊರಗಿನ ಲ್ಯಾಬ್‌ನದು ಬೇಕು. ಅವುಗಳಲ್ಲೂ ಒಂದರ ಕೈ ಬಿಗಿ, ಒಂದರ ಕೈ ಸಡಿಲ ಇರುತ್ತದೆ. ಹಾಗಾಗಿ ಎರಡು ಅಂಗಡಿಯ ಬೆಲೆ ಹೋಲಿಸುವಾಗ ಒಂದೇ ಲ್ಯಾಬ್‌ನ ಕಾಗದ ಇಟ್ಟುಕೊಂಡು ಹೋಲಿಸು. ಕಾಗದದ ನಂಬರನ್ನು ಆ ಲ್ಯಾಬ್‌ನ ವೆಬ್‌ಸೈಟಿನಲ್ಲಿ ನೀನೇ ಹಾಕಿ ನೋಡು. ಬಹಳ ಹರಳುಗಳ ಅಂಚಿನಲ್ಲಿ ಅದೇ ನಂಬರನ್ನು ಲೇಸರಿನಿಂದ ಕೊರೆದಿರುತ್ತಾರೆ. ಲೂಪ್ ಕೇಳಿ ಓದು, ನಾಚಿಕೆ ಪಡಬೇಡ. ಅಂಚು ಬಂಗಾರದಲ್ಲಿ ಮುಚ್ಚಿಹೋದರೆ ನಂಬರ್ ಸಿಗುವುದು ಕಷ್ಟ. ಕಟ್ಟಿಸಿದ ಮೇಲೆ ತೂಕ, ಬಣ್ಣ ಎಲ್ಲ ಅಂದಾಜೇ. ಅದಕ್ಕೇ ಬಿಡಿ ಹರಳು ನೋಡಿ, ಆಮೇಲೆ ಕಟ್ಟಿಸು. ಎರಡು ಓಲೆ, ಎರಡು ಹರಳು, ಎರಡು ಕಾಗದ.

ಬಿಲ್ಲಿನಲ್ಲಿ ಬಂಗಾರದ ತೂಕ ಬೇರೆ, ಹರಳಿನ ತೂಕ ಬೇರೆ ಬರೆಸು. ಒಟ್ಟು ತೂಕಕ್ಕೆ ಬಂಗಾರದ ರೇಟು ಹಾಕಿದರೆ ಹರಳಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಕಾಗದದ ನಂಬರೂ ಬಿಲ್ಲಿನಲ್ಲಿರಲಿ. ಮುಂದೆ ವಾಪಸ್ ತಗೊಂಡರೆ ಹರಳಿಗೆಷ್ಟು ಕೊಡ್ತಾರೆ ಅನ್ನೋದನ್ನೂ ಅವತ್ತೇ ಬರೆಸಿಕೋ.

ದೀಪಾವಳಿಗೆ ಬರ್ತೀಯಲ್ಲ, ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ ನನ್ನವ್ವ. ಇಬ್ಬರೂ ಬೆಳಿಗ್ಗೆ ಹನ್ನೊಂದಕ್ಕೆ ಹೋಗೋಣ, ಬಿಸಿಲು ಚೆನ್ನಾಗಿರುತ್ತದೆ. ನನ್ನ 14 ಹರಳನ್ನು ಪತ್ತಾರರು ತೂಗಿಕೊಟ್ಟರು. ಪುಡಿಕೆಯ ಮೇಲೆ ನಾನೇ ಪೆನ್ನಿನಿಂದ ಬರೆದಿದ್ದೇನೆ: "14 ಹರಳು, ಒಟ್ಟು 1.12 ಕ್ಯಾರೆಟ್, ಸ್ವಲ್ಪ ಹಳದಿ. ಮಗಳಿಗೆ." ತಿಜೋರಿಯಲ್ಲಿ, ನನ್ನ ಇಳಕಲ್ ಸೀರೆಯ ಕೆಳಗಿದೆ.

ನಿನ್ನ
ಅವ್ವ