ಸಿವಿಲ್ ಡಿಗ್ರಿಯ ಗುರಿಗಳನ್ನು ಕೆರೆ ಏರಿ ಮೇಲೆ ಪರೀಕ್ಷಿಸಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ತುಮಕೂರು ಕಡೆ ಕಟ್ಟಡದ ಕೆಲಸ ಮಾಡಿಸುವ ಸಿವಿಲ್ ಇಂಜಿನಿಯರ್. ಆಗಾಗ ಬಿಇ ಮುಗಿಸಿದ ಹೊಸಬರು ನಮ್ಮ ಸೈಟಿಗೆ ಸೇರುತ್ತಾರೆ. ಚುರುಕು ಮಕ್ಕಳು, ಅವರ ಮೇಲೆ ನನ್ನದೇನೂ ದೂರಿಲ್ಲ. ಇವರಿಗೆ ಇಷ್ಟೆಲ್ಲ ಬರುತ್ತದೆ ಅಂತ ಕಾಲೇಜುಗಳು ಗೋಡೆ ಮೇಲೆ ಬರೆದುಕೊಂಡಿವೆಯಲ್ಲ, ಅದರ ಬಗ್ಗೆ ಈ ಪತ್ರ.

ಸಿವಿಲ್ ವಿಭಾಗದ ಕಾರಿಡಾರಿನಲ್ಲಿ ಒಂದು ಬೋರ್ಡ್ ಇರುತ್ತದೆ. ವಿಷನ್, ಮಿಷನ್, ಜೊತೆಗೆ ಪಿಇಒ, ಪಿಒ, ಪಿಎಸ್ಒ ಅಂತ ಗುರಿಗಳ ಪಟ್ಟಿಗಳು. ಇದರಲ್ಲಿ ಪಿಒ (ಪ್ರೋಗ್ರಾಂ ಔಟ್‌ಕಮ್) ಅಂದರೆ ಡಿಗ್ರಿ ಕೈಗೆ ಬರುವ ಹೊತ್ತಿಗೆ ವಿದ್ಯಾರ್ಥಿಗೆ ಏನೇನು ಬರಬೇಕು ಎನ್ನುವ ಪಟ್ಟಿ. ಕೊಟ್ಟದ್ದು ರಾಷ್ಟ್ರೀಯ ಮಾನ್ಯತಾ ಮಂಡಳಿ, ಎಲ್ಲರ ಬಾಯಲ್ಲಿ ಎನ್‌ಬಿಎ. ಮೊದಲು 12 ಇದ್ದವು, ಪರಿಷ್ಕರಣೆಯಾಗಿ ಈಗ 11. ಪಟ್ಟಿ ಚೆನ್ನಾಗಿಯೇ ಇದೆ. ಲೆಕ್ಕ, ವಿಜ್ಞಾನ ಗೊತ್ತಿರಬೇಕು, ಸಮಸ್ಯೆ ಬಿಡಿಸಬೇಕು, ವಿನ್ಯಾಸ ಮಾಡಬೇಕು. ಜೊತೆಗೆ ನೈತಿಕತೆ, ತಂಡದಲ್ಲಿ ಕೆಲಸ, ಮಾತುಕತೆ, ಪರಿಸರದ ಕಾಳಜಿ, ಖರ್ಚಿನ ಅಂದಾಜು. ನನ್ನನ್ನು ಕೇಳಿದರೂ ಹೆಚ್ಚು ಕಮ್ಮಿ ಇದನ್ನೇ ಹೇಳುತ್ತಿದ್ದೆ.

ತೊಂದರೆ ಇರುವುದು ಅಳೆಯುವುದರಲ್ಲಿ. ಪ್ರತಿ ವಿಷಯಕ್ಕೂ ಮೇಷ್ಟ್ರು ಒಂದು ಟೇಬಲ್ ಮಾಡುತ್ತಾರೆ. ಈ ಪಾಠಕ್ಕೂ ಆ ಪಿಒಗೂ ಎಷ್ಟು ನಂಟು ಅಂತ 1, 2, 3 ಹಾಕುತ್ತಾರೆ. ಆಮೇಲೆ ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆಯ ಅಂಕಗಳನ್ನು ಎಕ್ಸೆಲ್‌ಗೆ ತುಂಬಿದರೆ ಪಿಒ ಎಷ್ಟು ಈಡೇರಿತು ಅಂತ ಅದೇ ಹೇಳುತ್ತದೆ. ಕಾಂಕ್ರೀಟ್ ಪೇಪರಿನ ಅಂಕದಿಂದ ಹುಡುಗನ ನೈತಿಕತೆಯ ಲೆಕ್ಕವೂ ಸಿಗುತ್ತದೆ! ಎನ್‌ಬಿಎ ತಂಡ ಬರುವ ಮುಂಚೆ ರಾತ್ರಿಯೆಲ್ಲ ಕೂತು ಫೈಲ್ ಸರಿ ಮಾಡುವ ಮೇಷ್ಟ್ರುಗಳನ್ನು ನೋಡಿದ್ದೇನೆ. ಪಾಪ, ಅವರೇನು ಮಾಡಿಯಾರು.

ಸೈಟಿನಲ್ಲಿ ಅದೇ ನೈತಿಕತೆ ಬೇರೆ ರೂಪದಲ್ಲಿ ಬರುತ್ತದೆ. ಸ್ಲ್ಯಾಬ್ ದಿನ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರೆಡಿಮಿಕ್ಸ್ ಲಾರಿ ತಡವಾಗಿ ಬಂದಿದೆ, ಕಾಂಕ್ರೀಟ್ ಬಿಗಿಯಾಗಿದೆ. ಪಂಪಿನವನಿಗೆ ಅವಸರ. ಮೇಸ್ತ್ರಿ ಪೈಪ್ ಹಿಡಿದು "ಸಾರ್, ಸ್ವಲ್ಪ ನೀರು ಬಿಡ್ಲಾ?" ಅಂತಾನೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಅಲ್ಲಿ ನಿಂತಿದ್ದಾಳೆ. ನೀರು ಜಾಸ್ತಿಯಾದರೆ ಬಲ ಕಡಿಮೆಯಾಗುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ, ಪರೀಕ್ಷೆಯಲ್ಲಿ ಗ್ರಾಫ್ ಸಮೇತ ಬರೆದಿದ್ದಾಳೆ. ಆದರೆ ಕಾಂಕ್ರೀಟ್ ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಸ್ಲಂಪ್ ಕೋನ್ ತರಿಸಿ ನೋಡಬೇಕು, ನೀರಿನ ಬದಲು ಪ್ಲಾಂಟಿನವರನ್ನು ಕೇಳಿ ಅಡ್ಮಿಕ್ಸ್ಚರ್ (ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ) ಹಾಕಿಸಬೇಕು, ಆಗದಿದ್ದರೆ ಲಾರಿ ವಾಪಸ್ ಕಳಿಸಬೇಕು ಎನ್ನುವುದು ಅವಳಿಗೆ ಹೊಳೆಯುವುದಿಲ್ಲ. ಹೊಳೆದರೂ ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮೇಸ್ತ್ರಿಗೆ "ಬೇಡ ಅಣ್ಣಾ, ಪೈಪ್ ತೆಗೀರಿ" ಅನ್ನುವ ಧೈರ್ಯ ಬರುವುದಿಲ್ಲ. ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಟೆಸ್ಟಿನ ಪೂರ್ತಿ ಉತ್ತರ ಸಿಗುವುದು 28ನೇ ದಿನಕ್ಕೆ. ಅಷ್ಟರಲ್ಲಿ ಮೇಲಿನ ಮಹಡಿಯ ಕಾಲಂ ಎದ್ದಿರುತ್ತದೆ. ನೈತಿಕತೆ, ತಂಡ, ಮಾತುಕತೆ, ಮೂರೂ ಪಿಒ ಆ ಐದು ನಿಮಿಷದಲ್ಲಿವೆ. ಯಾವ ಎಕ್ಸೆಲ್ಲಿಗೂ ಅದು ಸಿಗಲ್ಲ.

ಪೋಷಕರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಇಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್ ಅನ್ನುವ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯ ಆಯಿತು. ಹೊರದೇಶದಲ್ಲಿ ನಮ್ಮ ಡಿಗ್ರಿಗೆ ಸಮಾನ ಬೆಲೆ ಅಂತ ಎಲ್ಲರೂ ಹೇಳುತ್ತಾರೆ. ಅದು ಎನ್‌ಬಿಎ ಟಯರ್-1 (ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳ ಗುಂಪು) ಅಡಿ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ, ಸ್ವಾಯತ್ತತೆ ಇಲ್ಲದ ಕಾಲೇಜುಗಳು ಬರುವುದು ಟಯರ್-2ರಲ್ಲಿ. ಅಡ್ಮಿಷನ್ ಸಮಯದಲ್ಲಿ ಇದನ್ನು ಬಿಡಿಸಿ ಹೇಳುವ ಕಾಲೇಜು ನನಗಂತೂ ಸಿಕ್ಕಿಲ್ಲ. ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ ಅಂತ ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ವಿಟಿಯು ಸಿವಿಲ್‌ನಲ್ಲಿ ಎಕ್ಸ್‌ಟೆನ್ಸಿವ್ ಸರ್ವೆ ಅಂತ ಒಂದು ಕ್ಯಾಂಪ್ ಇತ್ತು, 2018ರ ಪಠ್ಯಕ್ರಮದ ಸ್ಕೀಮಿನಲ್ಲೂ ಇತ್ತು. ಹೊಸ ಕೆರೆ, ಹಳೆ ಕೆರೆಯ ದುರಸ್ತಿ, ರಸ್ತೆ, ನೀರು ಸರಬರಾಜು, ಇವಿಷ್ಟನ್ನೂ ಊರಾಚೆ ಹೋಗಿ ಅಳೆದು, ನಕ್ಷೆ ಬರೆದು, ವಿನ್ಯಾಸ ಮಾಡಿ ವರದಿ ಕೊಡಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾರೂ ಯೋಚಿಸಲಾರರು. ಆದರೆ ಎಷ್ಟೋ ಕಡೆ ಅದು ಪಿಕ್ನಿಕ್ ಆಯಿತು. ಸೀನಿಯರ್ಸ್ ವರದಿಯಲ್ಲಿ ಹೆಸರು ಬದಲಾಯಿಸಿದರೆ ಮುಗಿಯಿತು.

ಹಳೆ ಕೆರೆ ಭಾಗವನ್ನಾದರೂ ನಿಜ ಮಾಡಿ. ಪ್ರತಿ ಕಾಲೇಜಿಗೆ ಅದೇ ತಾಲ್ಲೂಕಿನ ಒಂದು ಕೆರೆ ಕೊಡಿ. ಏರಿ ಎಲ್ಲಿ ಕುಸಿದಿದೆ, ನೀರು ಬಿಡುವ ತೂಬು ಸೋರುತ್ತದಾ, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮಟ್ಟ ಎಷ್ಟು, ಹೂಳು ಎಷ್ಟು ಅಡಿ ತುಂಬಿದೆ, ಕೆರೆ ನೀರುಣ್ಣುವ ಅಚ್ಚುಕಟ್ಟಿನ ಕೊನೆ ಹೊಲಕ್ಕೆ ನೀರು ಮುಟ್ಟುತ್ತದಾ, ಮಕ್ಕಳೇ ಅಳೆಯಲಿ. ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಒತ್ತುವರಿಯಾಗಿದೆ ಅಂತ ರೈತರನ್ನೇ ಕೇಳಲಿ. ವಿಟಿಯು ಕಡ್ಡಾಯ ಮಾಡಿರುವ ಕನ್ನಡ ಪೇಪರಿನಲ್ಲಿ ಈ ಮಾತುಗಳಿಗೂ ಒಂದು ಪಾಠ ಇರಲಿ, ತೂಬು ಯಾವುದು, ಕೋಡಿ ಯಾವುದು ಅಂತ ಗೊತ್ತಿಲ್ಲದವರು ರೈತರ ಹತ್ತಿರ ಏನು ಕೇಳುತ್ತಾರೆ?

ವೈವಾ ಕಾಲೇಜಿನೊಳಗೆ ಬೇಡ. ಏರಿ ಮೇಲೇ ಆಗಲಿ. ಸಣ್ಣ ನೀರಾವರಿ ಇಲಾಖೆಯ ಒಬ್ಬ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್), ಗ್ರಾಮ ಪಂಚಾಯಿತಿಯಿಂದ ಒಬ್ಬರು ಬಂದು ಪ್ರಶ್ನೆ ಕೇಳಲಿ. ಎತ್ತರ ತಗ್ಗು ಅಳೆಯುವ ಆಟೋ ಲೆವೆಲ್ ಕೈಗೆ ಕೊಟ್ಟು "ಇಲ್ಲಿಂದ ಕೋಡಿ ಎಷ್ಟು ಕೆಳಗಿದೆ, ಹೇಳಿ" ಅನ್ನಲಿ. ಸ್ಟ್ಯಾಂಡ್ ಊರಿ, ಮಟ್ಟ ತೋರಿಸುವ ಗುಳ್ಳೆ ನಡುವಿಗೆ ತರುವುದನ್ನು ನೋಡಿದರೇ ಅರ್ಧದಷ್ಟು ಅಂಕ ತೀರ್ಮಾನ ಆಗುತ್ತದೆ. ಚೆನ್ನಾಗಿ ಬಂದ ವರದಿಗಳನ್ನು ಇಲಾಖೆಯೇ ಅಂದಾಜುಪಟ್ಟಿಗೆ ಬಳಸಿಕೊಳ್ಳಲಿ, ಮಕ್ಕಳ ಹೆಸರು ಹಾಕಲಿ.

ಖರ್ಚು ಅಂತ ದೊಡ್ಡದೇನಿಲ್ಲ. ಬಸ್ಸು, ಊಟ, ಉಳಿಯಲು ಊರಿನ ಶಾಲೆಯ ಕೊಠಡಿ. ಈ ವರ್ಷ ಒಂದು ಜಿಲ್ಲೆಯಲ್ಲಿ ಶುರು ಮಾಡಿ. ತುಮಕೂರು ಆದರೆ ವೈವಾಕ್ಕೆ ಬರಲು ನಾನೂ ತಯಾರು, ಭತ್ಯೆ ಬೇಡ.

ಇಂತಿ,
ತುಮಕೂರಿನ ಒಬ್ಬ ಸೈಟ್ ಇಂಜಿನಿಯರ್