ಆಷಾಢದಲ್ಲಿ ತವರಿಗೆ ಹೋದವನು

ಪ್ರಿಯ ಸದಸ್ಯರೇ,

ಸಿಡ್ನಿಯ ನಮ್ಮ ಸಂಘದ ಪತ್ರಿಕೆಯ ಈ ಸಲದ ಸಂಚಿಕೆ ಎರಡು ವಾರ ತಡವಾಗಿದೆ. ತಪ್ಪು ನನ್ನದೇ. ಜುಲೈ ತಿಂಗಳ ಶಾಲಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅಲ್ಲಿಂದಲೇ ಪುಟ ಜೋಡಿಸಿ ಕಳಿಸುತ್ತೇನೆ ಅಂತ ಸಮಿತಿಯವರಿಗೆ ಮಾತು ಕೊಟ್ಟು, ಲ್ಯಾಪ್‌ಟಾಪ್ ಬೇರೆ ಹೊತ್ತುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯ ಮಳೆಗಾಲ ಕಂಡವರು ಇಷ್ಟು ಓದುವಷ್ಟರಲ್ಲೇ ನಕ್ಕಿರುತ್ತೀರಿ. ಹೋದ ಮೂರನೇ ದಿನ ಮರ ಬಿದ್ದು ಕರೆಂಟು ಹೋಯಿತು. ಬಂದದ್ದು ಆರನೇ ದಿನ. ಲ್ಯಾಪ್‌ಟಾಪ್ ಅಕ್ಕಿ ಡಬ್ಬಿಯ ಪಕ್ಕ ಬೆಚ್ಚಗೆ ಮಲಗಿತ್ತು.

ಗಣೇಶನ ಹಬ್ಬದ ವಿವರ 3ನೇ ಪುಟದಲ್ಲಿದೆ. ಸಭಾಂಗಣದವರು ಈ ಸಲವೂ ಊದುಬತ್ತಿ, ಕರ್ಪೂರ ಹಚ್ಚಬಾರದು ಅಂದಿದ್ದಾರೆ. ಹೊಗೆಗೆ ಅಲಾರಂ ಹೊಡೆದು ಅಗ್ನಿಶಾಮಕ ವಾಹನ ಬಂದರೆ ಬಿಲ್ಲು ಸಂಘದ ಮೇಲೆ. ದಯವಿಟ್ಟು ನೆನಪಿಡಿ.

ಇನ್ನು ನನ್ನ ವಿಷಯ.

ಸಿಡ್ನಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿಗೆ ಹೋದದ್ದೆಲ್ಲ ಡಿಸೆಂಬರ್-ಜನವರಿಯಲ್ಲೇ. ನೀವೂ ಅಷ್ಟೇ ಅಲ್ವಾ? ಮಕ್ಕಳಿಗೆ ದೊಡ್ಡ ರಜೆ ಆಗಲೇ, ಆಫೀಸುಗಳೂ ಮುಚ್ಚಿರುತ್ತವೆ. ವರ್ಷಕ್ಕೆ ಸಿಗುವುದು ನಾಲ್ಕು ವಾರ ರಜೆ. ಅದನ್ನು ಜುಲೈನಲ್ಲಿ ಮುರಿದರೆ ಡಿಸೆಂಬರಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಹೊರಡುತ್ತೇವೆ, ಒಟ್ಟಿಗೆ ಹಿಂತಿರುಗುತ್ತೇವೆ, ಫೆಬ್ರವರಿಯ ಸಭೆಯಲ್ಲಿ ಒಟ್ಟಿಗೆ ಗೊಣಗುತ್ತೇವೆ: "ಮೂರು ವಾರ ಹೇಗೆ ಹೋಯ್ತೋ ಗೊತ್ತಾಗ್ಲಿಲ್ಲ."

ಹೇಗೆ ಹೋಯಿತು ಅಂತ ನನಗೆ ಗೊತ್ತಿದೆ. ಬೆಂಗಳೂರಲ್ಲಿ ನಾಲ್ಕು ದಿನ. ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು, ಕನ್ನಡಕ, ಚಿಕ್ಕಪ್ಪನ ಮಗನ ಹೊಸ ಫ್ಲಾಟು. ಧನುರ್ಮಾಸ ಅಂತ ಸಂಕ್ರಾಂತಿವರೆಗೆ ಮದುವೆ ಇಲ್ಲ, ಆಮೇಲೆ ಸಾಲು ಸಾಲು. ಊರಿಗೆ ಹೋದರೆ ಅಲ್ಲಿ ಅಡಿಕೆ ಸುಗ್ಗಿ. ಅಮ್ಮ ಸುಲಿಯುವವರಿಗೆ ಕಾಫಿ ಮಾಡುವುದರಲ್ಲಿ, ಅಪ್ಪಯ್ಯ ಬೇಯಿಸುವ ಹಂಡೆಯ ಮುಂದೆ. ನಾನು ನೆಂಟರ ಮನೆ ಸುತ್ತಿ ರಾತ್ರಿ ಬಂದರೆ ಇಬ್ಬರಿಗೂ ಕಣ್ಣು ಮುಚ್ಚುತ್ತಿರುತ್ತದೆ. "ಎಲ್ಲ ಆರಾಮಾ?" "ಆರಾಮು." ಇಷ್ಟೇ ಮಾತು. ಇದನ್ನೇ ಸಿಡ್ನಿಯಿಂದ ಫೋನಿನಲ್ಲೂ ಕೇಳಬಹುದಿತ್ತು.

ಈ ವರ್ಷ ಸುಮ್ನೆ ಜುಲೈನಲ್ಲಿ ಹೋಗಿಬಿಡೋಣ ಅನ್ನಿಸಿತು. 2022ರ ಸೆಪ್ಟೆಂಬರಿನಲ್ಲಿ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನ ಶುರುವಾದ ಮೇಲೆ, ಸಿಂಗಪುರದಲ್ಲಿ ಮಗುವನ್ನು ಎಳೆದುಕೊಂಡು ಓಡುವ ಕಷ್ಟ ಇಲ್ಲ. ಹೆಂಡತಿಗೆ ರಜೆ ಸಿಗಲಿಲ್ಲ. ಟಿಕೆಟ್ ಮಾಡಿಸಿದ ಮೇಲೆ ಗೊತ್ತಾಯಿತು, ಆಗ ಆಷಾಢ. ಮದುವೆ ಇಲ್ಲ, ಉಪನಯನ ಇಲ್ಲ, ಗೃಹಪ್ರವೇಶ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ತಿಂಗಳು. ನಲವತ್ತಾರು ವರ್ಷದ ನಾನೂ ಬ್ಯಾಗು ಹಿಡಿದು ತವರಿಗೆ ಹೊರಟೆ.

ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುವಾಗ ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ, ದಪ್ಪಗೆ ಹರಿಯುತ್ತಿದ್ದಳು. ಬಸ್ಸಲ್ಲಿದ್ದವರ ಬಾಯಲ್ಲಿ ಎರಡೇ ಮಾತು. ತೀರ್ಥಹಳ್ಳಿಯ ರಾಮಮಂಟಪ ಮುಳುಗಿತಾ? ಡೀಸಿ ನಾಳೆ ಶಾಲೆಗೆ ರಜೆ ಕೊಟ್ಟರಾ? ಮಗಳಿಗೆ ಎರಡನೆಯದು ಬಹಳ ಹಿಡಿಸಿತು. ಮಳೆ ಬಂದರೆ ರಜೆ ಕೊಡುವ ದೇಶ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಊರಲ್ಲಿ ನಮ್ಮನ್ನು ನೋಡಿ ಯಾರೂ ಸಂತೋಷಪಡಲಿಲ್ಲ. ಗಾಬರಿಯಾದರು. "ಎಂತ ಮಾರಾಯಾ, ಈ ಮಳೇಲಿ ಬಂದದ್ದು?" ಸುಮ್ನೆ ಬಂದೆ ಅಂದರೆ ನಂಬುವವರೇ ಇಲ್ಲ. ಎರಡು ದಿನದಲ್ಲಿ ಮೂರು ಸುದ್ದಿ ಹುಟ್ಟಿತು. ಅಪ್ಪಯ್ಯನಿಗೆ ಏನೋ ಆಗಿದೆ, ಮಗ ಮುಚ್ಚಿಡುತ್ತಿದ್ದಾನೆ. ಗಂಡ ಹೆಂಡತಿಗೆ ಸರಿ ಇಲ್ಲ, ಅದಕ್ಕೇ ಒಬ್ಬನೇ ಬಂದಿದ್ದಾನೆ. ಪಾಲು ಕೇಳಲು ಬಂದಿದ್ದಾನೆ. ಮೂರನೆಯದನ್ನು ಹೇಳಿದವರು ನಮ್ಮ ಮನೆಯಲ್ಲೇ ಕೂತು, ನಮ್ಮ ಕಾಫಿ ಕುಡಿಯುತ್ತಲೇ ಹೇಳಿದರು.

ಮೊದಲ ದಿನ ಕೊಟ್ಟಿಗೆಗೆ ಹೋಗಿ ನೋಡಿದೆ. ದನ ಇರಲಿಲ್ಲ. ಒಂದು ಕಡೆ ಸೌದೆ, ಇನ್ನೊಂದು ಕಡೆ ಅಡಿಕೆ ಹಾಳೆ ಪೇರಿಸಿಟ್ಟಿದ್ದರು. ಗೌರಿಯನ್ನು ಕೊಟ್ಟು ವರ್ಷದ ಮೇಲಾಯಿತಂತೆ. "ಹೇಳ್ಬೇಕು ಅಂತಿದ್ದೆ, ಮರ್ತೇ ಹೋಯ್ತು" ಅಂದಳು ಅಮ್ಮ. ವಾರಕ್ಕೆ ಮೂರು ಸಲ ಫೋನು ಮಾಡುತ್ತೇವೆ. ಪಕ್ಕದ ಮನೆಯ ನಾಯಿ ಮರಿ ಹಾಕಿದ್ದು ಗೊತ್ತು. ನಮ್ಮ ದನ ಮಾರಿದ್ದು ಗೊತ್ತಿಲ್ಲ.

ಇದರ ಅರ್ಥ ಪೂರ್ತಿ ತಿಳಿದದ್ದು ಭಾನುವಾರ. ಪುಣೆಯಲ್ಲಿರುವ ತಂಗಿ ಭಾನುವಾರ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡುತ್ತಾಳೆ. ಹತ್ತೂ ಮುಕ್ಕಾಲಿಗೆ ಮನೆಯಲ್ಲಿ ಓಡಾಟ ಶುರುವಾಯಿತು. ಸೋರುವ ಕಡೆ ಇಟ್ಟಿದ್ದ ಎರಡು ಬಕೆಟ್, ಒಂದು ತಪ್ಪಲೆಯನ್ನು ಅಮ್ಮ ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು. ಮಂಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸೀರೆ ಸರಿ ಮಾಡಿಕೊಂಡಳು. ಜಗಲಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ಮೂಲೆಯಲ್ಲಿ. ಆ ಮೂಲೆಯ ಗೋಡೆಗೆ ಮಾತ್ರ ಸುಣ್ಣ ಹೊಡೆಸಿದ್ದಾರೆ. ಕುರ್ಚಿ ಅಲ್ಲಿಗೆ ಬಂತು. ಬನಿಯನ್ನಿನ ಮೇಲೆ ಶಾಲು ಹೊದ್ದು ಕೂತಿದ್ದ ಅಪ್ಪಯ್ಯ ಎದ್ದು, ಮೊಳೆಗೆ ನೇತು ಹಾಕಿದ್ದ ಇಸ್ತ್ರಿ ಶರ್ಟು ಹಾಕಿಕೊಂಡರು. ಕೆಳಗೆ ಅದೇ ಹಳೇ ಪಂಚೆ. ಸ್ಟೀಲ್ ಡಬ್ಬಿಗೆ ಒರಗಿಸಿದ ಫೋನಿಗೆ ಪಂಚೆ ಕಾಣುವುದಿಲ್ಲ.

ಹದಿನಾಲ್ಕು ವರ್ಷದಿಂದ ನಾನು ನೋಡುತ್ತಿದ್ದದ್ದು ಆ ಗೋಡೆ, ಆ ಶರ್ಟು.

"ಮಳೆ ಜೋರಾ ಅಮ್ಮಾ?" ಅಂತ ತಂಗಿ ಕೇಳಿದಳು. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನಗೆ ಅವಳ ಮಾತೇ ಸರಿಯಾಗಿ ಕೇಳಲಿಲ್ಲ. "ಇಲ್ಲ, ಅಂಥಾದ್ದೇನೂ ಇಲ್ಲ" ಅಂದಳು ಅಮ್ಮ. ಮಾತಿನ ಮಧ್ಯೆ ಅಪ್ಪಯ್ಯ ಥಟ್ಟನೆ ಎದ್ದು ಹಿತ್ತಿಲಿಗೆ ಹೋದರು. ನಾನೂ ಹಿಂದೆ ಹೋದೆ. ಬಚ್ಚಲ ಒಲೆ ಹತ್ತಿರ ನಿಂತು, ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮುತ್ತಿದ್ದರು. ಆ ಕಡೆ ಅಮ್ಮ ಹೇಳುತ್ತಿದ್ದಳು, "ದನಕ್ಕೆ ಹುಲ್ಲು ಹಾಕಕ್ಕೆ ಹೋದ್ರು."

ನನ್ನ ಕರೆಗಳಲ್ಲೂ ಅಪ್ಪಯ್ಯ ಎಷ್ಟೋ ಸಲ ದನಕ್ಕೆ ಹುಲ್ಲು ಹಾಕಲು ಎದ್ದು ಹೋಗಿದ್ದಾರೆ.

ಡಾಕ್ಟರಿಗೆ ತೋರಿಸಿದೆವು, ಎಕ್ಸ್‌ರೇ ಆಯಿತು. ಹೆದರುವಂಥದ್ದಲ್ಲ, ಹಳೇ ಅಲರ್ಜಿ, ತೇವಕ್ಕೆ ಜಾಸ್ತಿ ಆಗುತ್ತದೆ ಅಂದರು. ಇದನ್ನು ಬರೆಯಲು ಅಪ್ಪಯ್ಯನ ಒಪ್ಪಿಗೆ ಇದೆ. "ಅಲ್ಲಿಯವರಿಗೆ ನನ್ನ ಗುರುತಿಲ್ಲವಲ್ಲ, ಬರಕೋ" ಅಂದರು.

ಅವರನ್ನು ದೂರಲು ನನಗೂ ಮುಖ ಇಲ್ಲ. ಹೋದ ವರ್ಷ ನನಗೆ ನಾಲ್ಕು ತಿಂಗಳು ಕೆಲಸ ಇರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಗೊತ್ತು, ಸಹಾಯ ಮಾಡಿದವರೂ ಇದ್ದೀರಿ. ಊರಿಗೆ ಹೇಳಲಿಲ್ಲ. ಅಮ್ಮನ ಊಟ ಮುಗಿದು ಅಲ್ಲಿ ಎರಡು ಗಂಟೆಯಾದರೆ ಇಲ್ಲಿ ಆರೂವರೆ. ಅದು ನಾನು ರೈಲಿನಲ್ಲಿ ಮನೆಗೆ ಬರುವ ಹೊತ್ತು, ಅದೇ ನಮ್ಮ ಮಾತಿನ ಹೊತ್ತು. ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದರೆ, ಅಲ್ಲಿ ಅಮ್ಮನ ಊಟವೂ ಒಂದು ಗಂಟೆ ಮುಂಚೆ ಆಗುತ್ತದೆ. ಆ ನಾಲ್ಕು ತಿಂಗಳು ಸಂಜೆ ಶರ್ಟು ಹಾಕಿಕೊಂಡು, ಪಾರ್ಕಿನ ಪಕ್ಕ ಕಾರು ನಿಲ್ಲಿಸಿ ಅಲ್ಲಿಂದ ಮಾತಾಡುತ್ತಿದ್ದೆ. ಕೆಳಗೆ ನಾನೂ ಪೈಜಾಮದಲ್ಲೇ ಇರುತ್ತಿದ್ದೆ ಅನ್ನಿ.

ಕರೆಂಟಿಲ್ಲದ ಮೂರು ದಿನಗಳಲ್ಲಿ ಅಪ್ಪಯ್ಯನ ಜೊತೆ ಎಷ್ಟು ಮಾತಾಡಿದೆನೋ, ಅಷ್ಟನ್ನು ಹಿಂದಿನ ಯಾವ ರಜೆಯಲ್ಲೂ ಆಡಿರಲಿಲ್ಲ. ಮಾಡಲು ಬೇರೆ ಕೆಲಸವೂ ಇರಲಿಲ್ಲ. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಬೇಕು, ಮಳೆ ಹೊಳವಾಗಲಿ ಅಂತ ಎಲ್ಲರೂ ಕಾಯುತ್ತಿದ್ದರು. ಕೊಳೆರೋಗ ಬಂತು ಅಂದರೆ ಕಾಯಿ ಮರದಡಿ ಉದುರಿ ಹಾಸಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಬಿಸಿಲು ಕಂಡಿತು. ಡ್ರಮ್ಮು ಹೊರಗೆ ಬಂತು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಅಪ್ಪಯ್ಯ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮಗಳಿಗೆ ತೋರಿಸಿದರು. ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಕೂತಿತ್ತು. ಇನ್ನಷ್ಟು ಸುಣ್ಣದ ತಿಳಿ ಬಿತ್ತು. ಮಗಳು ಇದನ್ನು ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಬರೆದುಕೊಂಡಿದ್ದಾಳೆ. ಆ ಬಿಸಿಲು ಇದ್ದದ್ದು ಎರಡೇ ಗಂಟೆ. ಅರ್ಧ ತೋಟಕ್ಕೆ ಆಯಿತು, ಉಳಿದರ್ಧಕ್ಕೆ ಮತ್ತೆ ಕಾಯುವುದು.

ಆ ರಾತ್ರಿ ಅಪ್ಪಯ್ಯ ಕೇಳಿದರು. "ಈ ತೋಟ ನಿನ್ನ ಹೆಸರಿಗೆ ಮಾಡಕ್ಕೆ ಬರ್ತದಾ? ನೀನೀಗ ಆ ದೇಶದವನಲ್ವಾ?" ನಮ್ಮಲ್ಲಿ ಅನೇಕರಿಗೆ ಇದೇ ಪ್ರಶ್ನೆ ಇದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಇಲ್ಲಿಯ ಪಾಸ್‌ಪೋರ್ಟ್ ತೆಗೆದುಕೊಂಡ ಮೇಲೆ ನಮಗೆ ಉಳಿಯುವುದು ಓಸಿಐ ಕಾರ್ಡು, ಅಂದರೆ ಭಾರತ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡು. ಅದಿದ್ದವರು ಕೃಷಿಭೂಮಿ ಕೊಳ್ಳುವ ಹಾಗಿಲ್ಲ, ದಾನಪತ್ರದಲ್ಲಿ ಪಡೆಯುವ ಹಾಗೂ ಇಲ್ಲ. ವಾರಸುದಾರರಾಗಿ ಬಂದರೆ ಬರುತ್ತದೆ. ಅಷ್ಟನ್ನೂ ಹೇಳಿದೆ.

"ಅಂದ್ರೆ ನಾನು ಹೋದ ಮೇಲೆ" ಅಂದರು ಅಪ್ಪಯ್ಯ.

ಹ್ಞೂಂ ಅನ್ನಲೂ ಆಗಲಿಲ್ಲ. ಸುಮ್ಮನೆ ಕೂತಿರಲಾರದೆ ಆ ನಾಲ್ಕು ತಿಂಗಳ ವಿಷಯ ಬಾಯಿ ಬಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತಿತ್ತು. ಅಷ್ಟು ದಿನ ನಿನ್ನ ಫೋನಲ್ಲಿ ರೈಲಿನ ಸದ್ದೇ ಇರ್ಲಿಲ್ಲ. ಮತ್ತೆ ಸದ್ದು ಬಂದ ದಿನ ನಿನ್ನಮ್ಮ ಪಾಯಸ ಮಾಡಿದ್ಲು" ಅಂದರು.

ಇದನ್ನೆಲ್ಲ ಓದಿ ಮಳೆಗಾಲ ಬಹಳ ಚೆಂದ ಅಂದುಕೊಳ್ಳಬೇಡಿ. ಬಟ್ಟೆ ಒಣಗುವುದಿಲ್ಲ, ಒಣಗಿದರೂ ಹೊಗೆ ವಾಸನೆ. ಮಗಳ ಕಾಲಿಗೆ ಉಂಬಳ (ಜಿಗಣೆ) ಹತ್ತಿ ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿತ್ತು. ನಾಲ್ಕನೇ ದಿನದ ಹೊತ್ತಿಗೆ ಅವಳಿಗೆ ಪೂರ್ತಿ ಬೇಜಾರು. ಆದರೂ ಹೇಳುತ್ತೇನೆ: ಸಾಧ್ಯವಾದರೆ ಒಂದು ಸಲ ಮದುವೆ, ಹಬ್ಬ ಯಾವುದೂ ಇಲ್ಲದ ತಿಂಗಳಲ್ಲಿ ಹೋಗಿ. ಒಂದು ಭಾನುವಾರ, ನಿಮಗೆ ಬರುವಂಥ ಕರೆಯನ್ನು ಆ ಕಡೆಯಿಂದ ನೋಡಿ.

ಹೊರಡುವ ದಿನ ಅಮ್ಮ ಎಂದಿನಂತೆ ಕಟ್ಟಿಕೊಟ್ಟಳು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮೆಣಸಿನ ಪುಡಿ. ಕೊನೆಗೆ ಪೇಪರಿನಲ್ಲಿ ಸುತ್ತಿದ ಸಣ್ಣ ಪೊಟ್ಟಣ. ಮೊಗೆಕಾಯಿ ಬೀಜ, ಬೂದಿ ಹಚ್ಚಿ ಒಣಗಿಸಿದ್ದು. "ಹಿತ್ತಲಲ್ಲಿ ಹಾಕು, ಬಳ್ಳಿ ತಾನೇ ಹಬ್ತದೆ."

ಸಿಡ್ನಿಯಲ್ಲಿ ಇಳಿದಾಗ, ಏನೇನು ತಂದಿದ್ದೇವೆ ಅಂತ ತಿಳಿಸುವ ಪ್ರಯಾಣಿಕರ ಕಾರ್ಡಿನಲ್ಲಿ ಬೀಜ ಇದೆ ಅಂತ ಗುರುತು ಹಾಕಿದೆ. ನೀವೂ ಹಾಕಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಸಾವಿರಗಟ್ಟಲೆ ಡಾಲರ್. ಅಧಿಕಾರಿ ಉಪ್ಪಿನಕಾಯಿ ಬಾಟಲಿಯನ್ನು ತಿರುಗಿಸಿ ನೋಡಿ ಬಿಟ್ಟರು. ಹಪ್ಪಳವನ್ನೂ ಬಿಟ್ಟರು. ಪೊಟ್ಟಣ ಬಿಚ್ಚಿದರು. ಬೂದಿ ಅವರ ಕೈಗವುಸಿಗೆ ಅಂಟಿತು. ಇದೇನು ಅಂದರು. ನಮ್ಮಮ್ಮನ ತರಕಾರಿ ಬೀಜ ಅಂದೆ. ಬಹಳ ಮರ್ಯಾದೆಯಿಂದಲೇ ಅದನ್ನು ಪಕ್ಕದ ಡಬ್ಬಿಗೆ ಹಾಕಿದರು.

ಮೊನ್ನೆ ರೈಲಿನಲ್ಲಿದ್ದಾಗ ಅಮ್ಮ ಫೋನು ಮಾಡಿದ್ದಳು. "ಬೀಜ ಹಾಕಿದ್ಯಾ? ಮೊಳಕೆ ಬಂತಾ?"

"ಇಲ್ಲಿನ್ನೂ ಚಳಿ ಅಮ್ಮಾ. ಸೆಪ್ಟೆಂಬರ್ ಬರ್ಲಿ."

"ಹೌದೌದು, ನಿಮ್ಮಲ್ಲಿ ಎಲ್ಲ ಉಲ್ಟಾ ಅಲ್ವಾ" ಅಂದಳು.

ಹಿಂದೆ ಆ ಬಿಳಿ ಗೋಡೆ, ಖಾಲಿ ಕುರ್ಚಿ. ಅಪ್ಪಯ್ಯ ಎಲ್ಲಿ ಅಂತ ಕೇಳಿದೆ.

"ದನಕ್ಕೆ ಹುಲ್ಲು…" ಅಂತ ಶುರು ಮಾಡಿ, ಅಮ್ಮ ಅರ್ಧಕ್ಕೇ ನಕ್ಕುಬಿಟ್ಟಳು. ನಾನೂ ನಕ್ಕೆ. ಬೀಜದ ವಿಷಯ ಮಾತ್ರ ಇನ್ನೂ ಹೇಳಿಲ್ಲ.

ನಿಮ್ಮ ಸಂಪಾದಕ